ಹಾರುವ ಕೂದಲು, ಪಿಳ್ಳಮ್ಮನ ಒದ್ದೆ ಕೈ

ಧನುರ್ಮಾಸದ ಬೆಳಗು. ಒಲೆಯ ಮೇಲೆ ಹಾಲಿಟ್ಟು, ಏಳು ವರ್ಷದ ಮಗಳು ಪ್ರಭಾಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೇನೆ. ನಿನ್ನೆ ಸೀಗೆಪುಡಿ ಹಾಕಿ ಎರೆದ ತಲೆ. ಹೊಸ ಪ್ಲಾಸ್ಟಿಕ್ ಬಾಚಣಿಗೆ ಒಮ್ಮೆ ಆಡಿಸಿದರೆ ಚಿಟಚಿಟ ಸದ್ದು. ಕೂದಲು ಮಲಗುವ ಬದಲು ಎದ್ದು ನಿಲ್ಲುತ್ತದೆ. ಇನ್ನೊಮ್ಮೆ ಆಡಿಸಿದರೆ ಬಾಚಣಿಗೆಯ ಹಿಂದೆಯೇ ಹಾರಿಬರುತ್ತದೆ.

"ಅಲ್ಲಾಡಬೇಡ ಕಣೇ, ಬೈತಲೆ ಸೊಟ್ಟ ಆಗತ್ತೆ."

"ನಾನು ಅಲ್ಲಾಡ್ತಿಲ್ಲಮ್ಮ. ಕೂದಲೇ ಅಲ್ಲಾಡ್ತಿದೆ."

ಅಷ್ಟರಲ್ಲಿ ಹಾಲು ಉಕ್ಕುತ್ತದೆ, ಬಾಗಿಲೂ ಬಡಿಯುತ್ತದೆ. ಪಕ್ಕದ ಕ್ವಾರ್ಟರ್ಸಿನ ಸೀತಾಲಕ್ಷ್ಮಿ ಕಾರ್ಖಾನೆಯ ಮೊದಲ ಪಾಳಿಗೆ ಹೊರಟವರು, ತಮ್ಮ ಮನೆಯ ಬೀಗದ ಕೈ ಕೊಡಲು ಬಂದಿದ್ದಾರೆ. ನಾನು ಒಲೆಯ ಕಡೆ ಓಡಿದರೆ ಅವರು ಪ್ರಭಾಳ ತಲೆ ನೋಡಿ ನಗುತ್ತಾರೆ. ಬಚ್ಚಲ ಬಕೆಟ್ಟಿನಲ್ಲಿ ಎರಡೂ ಕೈ ಅದ್ದಿ, ಕೊಡವಿ, ಮಗುವಿನ ನೆತ್ತಿಯಿಂದ ಕತ್ತಿನವರೆಗೆ ಮೆಲ್ಲಗೆ ಸವರುತ್ತಾರೆ. ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಕೂದಲು ಸುಮ್ಮನೆ ಕೂರುತ್ತದೆ.

"ಇದು ನಮ್ಮ ಪಿಳ್ಳಮ್ಮನ ಕೆಲಸ ಕಣ್ರೀ, ನನ್ನದಲ್ಲ," ಎನ್ನುತ್ತಾರೆ. "ಬಂದು ನೋಡೋದಾದ್ರೆ ಬೇಗ ಬನ್ನಿ. ಸಂಕ್ರಾಂತಿ ಆದ್ಮೇಲೆ ಅವರನ್ನ ಆ ತಲೆ ಬಾಚೋ ಸ್ಟೂಲಿಂದ ಎಬ್ಬಿಸ್ತಾರಂತೆ."

ಹೀಗೆ, ಜಾಲಹಳ್ಳಿಯಲ್ಲಿ ಇಷ್ಟು ವರ್ಷ ಇದ್ದೂ ನಾನು ಹೆಸರು ಕೇಳದಿದ್ದ ಒಬ್ಬ ಹೆಂಗಸನ್ನು ನೋಡಿ, ಅವರ ಬಗ್ಗೆ ಬರೆಯಲು ಹೊರಡುತ್ತೇನೆ. ವೆಲ್ಫೇರ್ ಆಫೀಸರ್ ಮೇಡಂ ಒಂದು ಬೆಳಗಿನ ಮಟ್ಟಿಗೆ ಅನುಮತಿ ಕೊಡುತ್ತಾರೆ. ಆಯುಧಪೂಜೆಯ ದಿನ ಬಿಟ್ಟರೆ ಕೆಲಸಗಾರರ ಮನೆಯವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಆದರೆ ಪಿಳ್ಳಮ್ಮ ಕೂರುವ ಕೋಣೆ ಹೆಂಗಸರ ಗೇಟಿಗೆ ಅಂಟಿಕೊಂಡೇ ಇದೆ, ಒಳಗಿನ ಕಾವಲು ದಾಟಬೇಕಾಗಿಲ್ಲ. ಶಾಲೆಗೆ ಕ್ರಿಸ್‌ಮಸ್ ರಜೆ, ನನ್ನ ಯಜಮಾನರದೂ ಅಲ್ಲೇ ಮೊದಲ ಪಾಳಿ. ಪ್ರಭಾಳಿಗೆ ಸ್ವೆಟರ್ ಹಾಕಿ, ಕುಲಾವಿ ಕಟ್ಟಿ ಜೊತೆಗೇ ಕರೆದುಕೊಂಡು ಹೋಗುತ್ತೇನೆ.

ಇನ್ನೂ ಮಂಜು. ರಸ್ತೆಯ ದೀಪಗಳು ಆರಿಲ್ಲ. ಕೋಣೆಯ ಬಾಗಿಲಲ್ಲಿ ಒಂದು ಮರದ ಸ್ಟೂಲು, ಅದರ ಮುಂದೆ ಒಂದು ಗಿಡ್ಡ ಬೆಂಚು, ಪಕ್ಕದಲ್ಲಿ ಹಿತ್ತಾಳೆಯ ಚೊಂಬು. ಗೋಡೆಗೆ ಬಡಿದ ಹಲಗೆಯ ತುಂಬ ಮೊಳೆಗಳು, ಮೊಳೆಗೊಂದು ಮರದ ಬಾಚಣಿಗೆ. ಒಬ್ಬರದು ಇನ್ನೊಬ್ಬರಿಗೆ ಹೋಗಬಾರದೆಂದು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದೆ. ಸ್ಟೂಲಿನ ಮೇಲೆ ಕೂತಿರುವ ಪಿಳ್ಳಮ್ಮನವರಿಗೆ ಐವತ್ತರ ಆಸುಪಾಸು. ಖಾಕಿ ಅಂಚಿನ ಬಿಳಿ ಸೀರೆಯ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದಿದ್ದಾರೆ. ನಮ್ಮನ್ನು ಕಂಡು ಎದ್ದು ನಿಲ್ಲಲು ಹೋಗುತ್ತಾರೆ, ಅಷ್ಟರಲ್ಲಿ ಮೊದಲ ಬಸ್ಸು ಬರುತ್ತದೆ.

ಬಸ್ಸಿನಿಂದ ಇಳಿದ ಹೆಂಗಸರು ಚಪ್ಪಲಿ ಬಿಟ್ಟು, ತಮ್ಮ ತಮ್ಮ ಟಿಫಿನ್ ಡಬ್ಬಿ ಗೂಡಿನಲ್ಲಿಟ್ಟು ಸಾಲಾಗಿ ಬರುತ್ತಾರೆ. ಬಂದವರು ಪಿಳ್ಳಮ್ಮನಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂರುತ್ತಾರೆ. ಪಿಳ್ಳಮ್ಮ ಆಯಾ ದಾರದ ಬಾಚಣಿಗೆ ತೆಗೆದು ಅವರ ಹೆಗಲ ಮೇಲಿಂದ ಮುಂದಕ್ಕೆ ಚಾಚುತ್ತಾರೆ. ಕೂತವರು ಅದನ್ನು ತೆಗೆದುಕೊಂಡು ತಾವೇ ಬೈತಲೆ ತೆಗೆದು, ಹೆಗಲ ಮೇಲಿಂದಲೇ ಹಿಂದಕ್ಕೆ ಕೊಡುತ್ತಾರೆ. ಅಲ್ಲಿಂದ ಪಿಳ್ಳಮ್ಮನ ಕೆಲಸ ಶುರು. ಚೊಂಬಿನ ನೀರಲ್ಲಿ ಬೆರಳು ಅದ್ದಿ, ಕೊಡವಿ, ಬುಡದಿಂದ ತುದಿಗೆ ಸವರಿ ನಿಧಾನವಾಗಿ ಬಾಚುತ್ತಾರೆ. ಹಳೆಯ ಪಂಚೆಯ ತುಂಡಿನಿಂದ ಒಮ್ಮೆ ಒರೆಸುತ್ತಾರೆ. ಬಿಗಿಯಾಗಿ ಹೆಣೆದು ತುರುಬು ಸುತ್ತಿ, ಕಿವಿಯ ಹಿಂದೆ, ಕತ್ತಿನ ಮೇಲೆ ಉಳಿದ ಮರಿಕೂದಲನ್ನೆಲ್ಲ ಒದ್ದೆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಬಿಳಿ ಬಟ್ಟೆಯ ಟೋಪಿ ಎಳೆಯುತ್ತಾರೆ.

"ಕಿವಿ ಹಿಂದ್ಲುದೇ ಕಳ್ಳಗೂದ್ಲು," ಎನ್ನುತ್ತಾರೆ ನನಗೆ, ಕೈ ನಿಲ್ಲಿಸದೆ. "ಮುಂದ್ಲುದು ಎದುರಿಗೇ ಆರ್ತದೆ, ಕಾಣ್ತದೆ. ಇದು ಸದ್ದಿಲ್ದಂಗೆ ಆಚೆ ಬತ್ತದೆ."

ಕೂತಿದ್ದ ಹುಡುಗಿಯೊಬ್ಬಳು ಇವತ್ತು ತನ್ನ ತಲೆ ಕಾಗೆಗೂಡಾಗಿದೆ, ಬೈಯಬೇಡಿ ಎನ್ನುತ್ತಾಳೆ.

"ಗೂಡಾದ್ರೆ ಮೊಟ್ಟೆ ಎಲ್ಲವ್ವ? ಕ್ಯಾಂಟೀನ್‌ಗೆ ಕೊಟ್ಬಂದ್ಯಾ?"

ಸಾಲೆಲ್ಲ ನಗುತ್ತದೆ. ಹುಡುಗಿ ಎದ್ದು, ಬಾಗಿಲ ಪಕ್ಕದ ಕಬ್ಬಿಣದ ನಲ್ಲಿಯನ್ನು ಬರಿಗೈಯಲ್ಲಿ ಒಮ್ಮೆ ಮುಟ್ಟಿ ಒಳಗೆ ಹೋಗುತ್ತಾಳೆ. ಹಿಂದೆ ಬರುವವರೆಲ್ಲ ಹಾಗೆಯೇ ಮುಟ್ಟಿ ಹೋಗುತ್ತಾರೆ. ಕೆಲವರು ರೂಢಿಯಿಂದ ಆ ಕೈಯನ್ನು ಕಣ್ಣಿಗೂ ಒತ್ತಿಕೊಳ್ಳುತ್ತಾರೆ.

ಈ ನಲ್ಲಿಯ ಕಾರಣವನ್ನು ವಿವರಿಸುವವರು ಒಳಗಿನ ಸೂಪರ್‌ವೈಸರ್ ದ್ವಾರಕಾನಾಥ. ಅವರು ನೋಡಿಕೊಳ್ಳುವ ದೊಡ್ಡ ಹಾಲ್‌ನಲ್ಲಿ ಹೆಂಗಸರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಸಾಸಿವೆಗಿಂತ ಚಿಕ್ಕ ಟ್ರಾನ್ಸಿಸ್ಟರ್ ತುಣುಕುಗಳಿಗೆ ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಕೂಡಿಸುತ್ತಾರೆ. ಅಲ್ಲಿ ಒಂದು ಕೂದಲು ಬಿದ್ದರೆ ಮಾಡಿದ ಕೆಲಸ ಕೆಟ್ಟಂತೆ. ಅದಕ್ಕಿಂತ ಕೆಟ್ಟದ್ದು ಚಳಿಗಾಲದ ಒಣಹವೆ. ಒಣಗಿದ ಕೂದಲು, ನೈಲಾನ್ ಸೀರೆ, ಪ್ಲಾಸ್ಟಿಕ್ ಬಾಚಣಿಗೆ ಒಂದಕ್ಕೊಂದು ಉಜ್ಜಿ ಮೈಯಲ್ಲಿ ವಿದ್ಯುತ್ತು ಕೂಡಿಕೊಳ್ಳುತ್ತದೆ. ಅದನ್ನು ನಲ್ಲಿಗೆ ಇಳಿಸದೆ ಒಳಗೆ ಹೋದರೆ ಬೆರಳ ತುದಿಯಿಂದ ಕಿಡಿ ಹಾರಿ ತುಣುಕು ಸಾಯುತ್ತದೆ. "ಸತ್ತಿದ್ದು ನೋಡಿದ್ರೆ ಗೊತ್ತಾಗೋದಿಲ್ಲ, ಅದೇ ಕಷ್ಟ," ಎನ್ನುತ್ತಾರೆ ಅವರು.

ಪಿಳ್ಳಮ್ಮನಿಗೆ ಈ ಕಿಡಿಯ ಮಾತು ಪೂರ್ತಿ ನಂಬಿಕೆಯಿಲ್ಲ. ಕೂದಲಿಗೂ ಚಳಿಯಾಗುತ್ತದೆ, ಅದಕ್ಕೇ ಮೈ ಮೇಲಿನ ರೋಮದ ಹಾಗೆ ಎದ್ದು ನಿಲ್ಲುತ್ತದೆ ಎಂಬುದು ಅವರ ತಿಳಿವಳಿಕೆ. ನಲ್ಲಿ ಮುಟ್ಟಿಸಿ ಎಂದಿದ್ದಾರೆ, ಮುಟ್ಟಿಸುತ್ತಾರೆ.

ಪಿಳ್ಳಮ್ಮ ಈ ಮಣ್ಣಿನವರೇ. ಈಗ ಕಾರ್ಖಾನೆಯ ಸೈಕಲ್ ಸ್ಟ್ಯಾಂಡ್ ಇರುವ ಜಾಗದಲ್ಲಿ ಅವರ ಮಾವನ ರಾಗಿ ಹೊಲವಿತ್ತಂತೆ. ಹೊಲ ಹೋದಾಗ ಮನೆಗೊಂದು ಕೆಲಸ ಸಿಕ್ಕಿತು, ಗಂಡ ವೆಂಕಟೇಶಪ್ಪ ಹೆಲ್ಪರ್ ಆಗಿ ಸೇರಿದರು. ಮಕ್ಕಳಾಗಲಿಲ್ಲ. ಒಂದು ಮಳೆಗಾಲ ವೆಂಕಟೇಶಪ್ಪನವರಿಗೆ ಕಾಮಾಲೆ ಹತ್ತಿತು. ಊರಿನ ಔಷಧಿ ಕೊಡಿಸುತ್ತ ಆಸ್ಪತ್ರೆಗೆ ಸೇರಿಸುವುದು ತಡವಾಯಿತು. ಅವರು ಹೋದ ಮೇಲೆ ಅನುಕಂಪದಲ್ಲಿ ಪಿಳ್ಳಮ್ಮನಿಗೆ ಕಸ ಗುಡಿಸುವ ಕೆಲಸ ಸಿಕ್ಕಿತು. ಈಗ ಮೈದುನನ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಮೈದುನ ಉಳಿದ ಜಾಗದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾನೆ. ಅಲ್ಲಿರುವವರೂ ಪಾಳಿಯವರೇ, ಇವರು ಮನೆ ಸೇರುವ ಹೊತ್ತಿಗೆ ಅವರು ಹೊರಟಿರುತ್ತಾರೆ.

ತಲೆ ಬಾಚುವ ಕೆಲಸ ಒಂದು ತಪ್ಪಿನಿಂದ ಹುಟ್ಟಿದ್ದು. ಹೊಸ ಹಾಲ್ ಶುರುವಾದ ಮೊದಲ ಚಳಿಗಾಲ ಹೆಂಗಸರೆಲ್ಲ ಮನೆಯಲ್ಲಿ ಮಾಡುವಂತೆಯೇ ಮಾಡಿದರು. ಹಾರುವ ಕೂದಲು ಕೂರಲೆಂದು ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಿಸಿ, ಹಣೆಗಿಳಿಯುವಷ್ಟು ಹಚ್ಚಿಕೊಂಡು ಬಂದರು. ಕೂದಲು ಕೂತಿತು. ಆದರೆ ಎಣ್ಣೆ ಹಣೆಯಿಂದ ಬೆರಳಿಗೆ, ಬೆರಳಿಂದ ಚಿಮಟಕ್ಕೆ, ಚಿಮಟದಿಂದ ತುಣುಕಿಗೆ ಇಳಿದು ತಟ್ಟೆತಟ್ಟೆಯೇ ಹಾಳಾಯಿತು. ಎಣ್ಣೆ ಹಚ್ಚಿ ಬರಬಾರದೆಂದು ನೋಟೀಸು ಬಿತ್ತು. ಮಾರನೆಯ ದಿನ ಎಲ್ಲರೂ ಸೀಗೆಕಾಯಿ ತಿಕ್ಕಿ ಒಣಗಿಸಿಕೊಂಡು ಬಂದರು, ಎಲ್ಲರ ತಲೆಯೂ ಎದ್ದು ನಿಂತಿತು. ಹಾಗೆ ಒಂದು ಹುಡುಗಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ನೆಲ ಒರೆಸುತ್ತಿದ್ದ ಪಿಳ್ಳಮ್ಮ ಕೈ ತೊಳೆದುಕೊಂಡು ಬಂದು ಆ ಒದ್ದೆ ಕೈಯನ್ನೇ ಅವಳ ತಲೆಯ ಮೇಲೆ ಆಡಿಸಿದರು. "ನಾನೇನು ಯೋಚ್ನೆ ಮಾಡಿ ಮಾಡಿದ್ದಲ್ಲ ಕಣಮ್ಮ. ಸಮಾಧಾನ ಮಾಡಕ್ಕೆ ತಲೆ ಸವರ್ದೆ, ಅಷ್ಟೇಯ."

ಅಂದಿನಿಂದ ಚಳಿಗಾಲ ಬಂತೆಂದರೆ ಪೊರಕೆ ಬೇರೆಯವರಿಗೆ, ಪಿಳ್ಳಮ್ಮನಿಗೆ ಸ್ಟೂಲು. ಪಾಳಿಗೆ ಎಷ್ಟು ತಲೆ ಎಂದರೆ ನೂರರ ಮೇಲೆ ಎನ್ನುತ್ತಾರೆ, ಎಣಿಸಿಲ್ಲ. ಕೆಲಸದ ಕಷ್ಟ ಏನು ಎಂದು ಕೇಳಿದರೆ ಸುಮ್ಮನೆ ಅಂಗೈ ತೋರಿಸುತ್ತಾರೆ. ತಣ್ಣೀರಿಗೆ ಬೆರಳ ಸಂದುಗಳೆಲ್ಲ ಒಡೆದು ಕೆಂಪಗಾಗಿವೆ. ಒಲೆ ಇಟ್ಟು ನೀರು ಕಾಯಿಸೋಣವೆಂದರೆ ಹೊಗೆ ಕೂಡದು. ಒಡೆದ ಕೈಗೆ ಎಣ್ಣೆ ಸವರೋಣವೆಂದರೆ ಅದು ಕೂದಲಿಗೆ ಹತ್ತುತ್ತದೆ. ಭಾನುವಾರ ಒಂದು ದಿನ ಅವರ ಕೈಗೆ ಎಣ್ಣೆ.

ಸಾಲು ಸಾಗುತ್ತಿರುವಾಗ ಪ್ರಭಾ ನನ್ನ ಸೆರಗು ಜಗ್ಗುತ್ತಾಳೆ. ಬಾಚಣಿಗೆ ಹೆಗಲ ಮೇಲಿಂದ ಮುಂದೆ ಹೋಗುವುದನ್ನೂ ಹಿಂದೆ ಬರುವುದನ್ನೂ ಅವಳು ಆಗಿನಿಂದ ನೋಡುತ್ತಿದ್ದಾಳೆ. "ಅಮ್ಮಾ, ಆ ಅಜ್ಜಿ ಯಾಕೆ..." ಎಂದು ಬಾಯಿ ತೆರೆಯುತ್ತಾಳೆ. ನಾನು ಅವಳ ಕೈ ಒತ್ತಿ ಸುಮ್ಮನಿರಿಸುತ್ತೇನೆ. ಪಿಳ್ಳಮ್ಮ ಕೇಳಿಸಿಕೊಂಡರೋ ಇಲ್ಲವೋ, ಕೈ ನಿಲ್ಲುವುದಿಲ್ಲ.

ಕಾರಣವನ್ನು ಆಮೇಲೆ, ಮೊದಲ ಪಾಳಿ ಒಳಗೆ ಹೋಗಿ ಕೋಣೆ ಖಾಲಿಯಾದಾಗ, ಪಿಳ್ಳಮ್ಮನೇ ಹೇಳುತ್ತಾರೆ. ಪ್ರಭಾ ಆಗ ಬಾಗಿಲಾಚೆ ನಲ್ಲಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾಳೆ. ಮೊದಲ ವರ್ಷ ಇಡೀ ತಲೆ ಇವರೇ ಬಾಚುತ್ತಿದ್ದರು. ಒಂದು ಶುಕ್ರವಾರ, ಮದುವೆಯಾಗಿ ರಜೆ ಮುಗಿಸಿ ಬಂದ ಹುಡುಗಿ ಬೆಂಚಿನ ಹತ್ತಿರ ಬಂದವಳು ಕೂರದೆ ನಿಂತಳು. ಇನ್ನೊಬ್ಬರು ಅವಳನ್ನು ಪಕ್ಕಕ್ಕೆ ಕರೆದು ತಾವೇ ಬಾಚಿದರು. ಕುಂಕುಮ ಇಡುವ ಬೈತಲೆಯನ್ನು ಗಂಡನಿಲ್ಲದವರ ಕೈಯಲ್ಲಿ ಮುಟ್ಟಿಸಿಕೊಂಡರೆ ಮನೆಯಲ್ಲಿ ಅತ್ತೆ ಏನೆನ್ನುತ್ತಾರೋ ಎಂಬ ಪಿಸುಮಾತು ಸಾಲಿನಲ್ಲಿ ಹಾದುಹೋಯಿತು. ಮಾರನೆಯ ದಿನ ಪಿಳ್ಳಮ್ಮ ಬೆಂಚನ್ನು ತಿರುಗಿಸಿ ಹಾಕಿದರು. ಎಲ್ಲರೂ ಬೆನ್ನು ಮಾಡಿ ಕೂರುವಂತೆ, ಬೈತಲೆ ಅವರವರೇ ತೆಗೆದುಕೊಳ್ಳುವಂತೆ.

"ಯಾರೂ ನನ್ನ ಮುಖಕ್ಕೆ ಅನ್ನಲಿಲ್ಲ ಕಣಮ್ಮ, ಸುಳ್ಳು ಯಾಕೆ. ಅನ್ನಿಸ್ಕಳಕ್ಕಿಂತ ಮುಂಚೆ ನಾನೇ ಮಾಡ್ಕಂಡೆ. ಅಂಗೆ ಮಾಡ್ಕಂಡ್ರೆ ನೋವು ಕಮ್ಮಿ."

ಅದರಿಂದ ಇನ್ನೊಂದು ಆಗಿದೆ, ಅದನ್ನು ಅವರು ನಗುತ್ತಲೇ ಹೇಳುತ್ತಾರೆ. ಎಲ್ಲರೂ ಬೆನ್ನು ಮಾಡಿ ಕೂತು, ಹಾಗೇ ಎದ್ದು ಒಳಗೆ ಹೋಗುವುದರಿಂದ ಬಹಳ ಮಂದಿಗೆ ಇವರ ಮುಖ ಗೊತ್ತಿಲ್ಲ. ಇವರಿಗೆ ಅವರದೂ ಗೊತ್ತಿಲ್ಲ. ಈಚೆಗೆ ಜಾಲಹಳ್ಳಿ ಕ್ರಾಸಿನ ತರಕಾರಿ ಗಾಡಿಯ ಹತ್ತಿರ ಒಬ್ಬಾಕೆ, ಸ್ವಲ್ಪ ಸರಿಯಮ್ಮ ಎಂದು ಇವರನ್ನು ಬದಿಗೆ ಸರಿಸಿ ಅವರೆಕಾಯಿ ಆರಿಸಿದರಂತೆ. "ನಾನೂ ಯಾರೋ ಅಂದ್ಕಂಡೆ. ತೂಕ ಆಕಿಸ್ಕಂಡು ಆ ಕಡೆ ತಿರುಗಿದ್ಲು ನೋಡಿ, ಆಗ ಗೊತ್ತಾಯ್ತು. ನಮ್ಮ ಅಸ್ರು ದಾರದೋಳು! ಬಲಗಿವಿ ಹಿಂದೆ ಸುಳಿ ಐತೆ. ಏಸು ವರ್ಷದಿಂದ ಎಣೀತಿವ್ನಿ ಆ ಜಡೆಯ."

ಮಾತಾಡಿಸಲಿಲ್ಲವೇ ಎಂದು ಕೇಳುತ್ತೇನೆ.

"ಏನಂತ ಮಾತಾಡ್ಸದು? ಸುಳಿ ನೋಡಿ ಗುರ್ತು ಇಡಿದೆ ಅಂತಾನಾ?"

ಸಂಕ್ರಾಂತಿಯ ಮಾತು ನಿಜ. ಹಾಲ್‌ನೊಳಗೆ ಗಾಳಿಗೆ ತೇವ ಬೆರೆಸುವ ಯಂತ್ರ ಕೂರಿಸಿದ್ದಾರೆ. ಇನ್ನು ಮೇಲೆ ಹೆಂಗಸರು ಕತ್ತಿನವರೆಗೆ ಮುಚ್ಚುವ ಹೊಸ ಟೋಪಿ ಹಾಕಿ, ಮಣಿಕಟ್ಟಿಗೆ ತಂತಿಯ ಪಟ್ಟಿ ಕಟ್ಟಿ ಕೂರುತ್ತಾರೆ. ಕೂದಲು ಹಾರಿದರೂ ಟೋಪಿಯೊಳಗೇ ಹಾರಬೇಕು, ಕಿಡಿಯಿದ್ದರೆ ತಂತಿಯಲ್ಲಿ ಇಳಿದುಹೋಗುತ್ತದೆ. ಕೆಲಸಕ್ಕೆ ಅದೇ ಸರಿ ಎಂದು ದ್ವಾರಕಾನಾಥ ಹೇಳುವಾಗ ಪಿಳ್ಳಮ್ಮನೂ ತಲೆಯಾಡಿಸುತ್ತಾರೆ. ಅವರಿಗೆ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ ನಿಗದಿಯಾಗಿದೆ. ಸಂಬಳ ಮೊದಲಿನಷ್ಟೇ. ಅವರು ಕೇಳಿಕೊಂಡದ್ದು ಒಂದೇ: ಚಳಿಗಾಲದಲ್ಲಿ ಮಾತ್ರ ಈ ಸ್ಟೂಲು ಇಲ್ಲೇ ಇರಲಿ, ಬೇಕಾದವರು ಬಂದು ಕೂರಲಿ. ವೆಲ್ಫೇರ್ ಆಫೀಸರ್ ಮೇಡಂ ಒಳ್ಳೆಯವರು, ಮೇಲಕ್ಕೆ ಬರೆದು ನೋಡಿದರು. ಕೋಣೆಯಲ್ಲಿ ಹೊಸ ಟೋಪಿಗಳ ಕಪಾಟು ಬರಬೇಕು, ಜಾಗವಿಲ್ಲ ಎಂದು ಉತ್ತರ ಬಂತು.

ಹೊರಡುವಾಗ, ಒಂದು ಭಾನುವಾರ ಮನೆಗೆ ಬನ್ನಿ, ಕೂಸನ್ನೂ ಕರಕೊಂಡು ಬನ್ನಿ ಎನ್ನುತ್ತಾರೆ.

ಮನೆಗೆ ಬಂದ ಮೇಲೆ ಪ್ರಭಾ ಆ ಪ್ರಶ್ನೆ ಕೇಳಲಿಲ್ಲ. ಆದರೆ ಅವಳು ಗೊಂಬೆಯ ತಲೆ ಬಾಚುವಾಗ ನೋಡುತ್ತೇನೆ: ಬಾಚಣಿಗೆಯನ್ನು ಗೊಂಬೆಯ ಹೆಗಲ ಮೇಲಿಂದ ಮುಂದಕ್ಕೆ ಚಾಚಿ ಸ್ವಲ್ಪ ಹೊತ್ತು ಕಾಯುತ್ತಾಳೆ. ಗೊಂಬೆ ತೆಗೆದುಕೊಳ್ಳುವುದಿಲ್ಲ. ಬೇಳೆ ಬೇಯುವಷ್ಟು ಹೊತ್ತು ಸಿಕ್ಕಾಗ ಈ ಬರಹ ಮುಂದುವರಿಸುತ್ತೇನೆ.

ಸಂಕ್ರಾಂತಿ ಮುಗಿದ ಮೊದಲ ಭಾನುವಾರ ಹೋಗುತ್ತೇವೆ. ಎಳ್ಳು ಬೀರಿ ಉಳಿದದ್ದನ್ನು ಒಂದು ಡಬ್ಬಿಯಲ್ಲಿ ಒಯ್ದಿದ್ದೇನೆ. ಪಿಳ್ಳಮ್ಮನ ಕೋಣೆಯ ಮುಂದೆ ಒಂದು ನುಗ್ಗೆ ಮರ, ಒಂದು ಒಗೆಯುವ ಕಲ್ಲು, ನಾಲ್ಕು ಕೋಳಿ. ಪ್ರಭಾ ಕೋಳಿಗಳ ಹಿಂದೆ ಹೋಗುತ್ತಾಳೆ. ಒಳಗೆ ಗೂಡಿನಲ್ಲಿ ವೆಂಕಟೇಶಪ್ಪನವರ ಪಟ, ಅದರ ಪಕ್ಕದ ಮೊಳೆಗೆ ಒಂದು ಮರದ ಬಾಚಣಿಗೆ. ಅದಕ್ಕೆ ಯಾವ ದಾರವೂ ಇಲ್ಲ. ಹೊಸದಾಗಿ ಸೇರುವವರು ಯಾರಾದರೂ ಬಂದರೆ ಇರಲಿ ಎಂದು ಸಂತೆಯಲ್ಲಿ ಕೊಂಡಿದ್ದರಂತೆ. ಉಳಿದವೆಲ್ಲ ಅವರವರ ಮನೆಗೆ ಹೋದವು, ಇದೊಂದು ಉಳಿಯಿತು.

ಕ್ಯಾಂಟೀನು ಹೇಗಿದೆ ಎಂದು ಕೇಳುತ್ತೇನೆ.

"ಬೆಚ್ಚಗೈತೆ, ಮೂರೊತ್ತೂ ಒಲೆ ಉರೀತದೆ. ಕೈ ನೋಡಿ, ವಾಸಿ ಆಗ್ತಾ ಐತೆ." ಅಂಗೈಯನ್ನು ನನ್ನ ಮುಂದೆ ಹಿಡಿದು, ಮತ್ತೆ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ಆದ್ರೆ ಸೊಪ್ಪು ತಣ್ಣಗಿರ್ತದೆ ಕಣಮ್ಮ. ಕುಂಬ್ಳಕಾಯಿ ತಣ್ಣಗಿರ್ತದೆ. ಎಂಥಾ ಚಳೀಲೂ ಮನುಷ್ಯರ ತಲೆ ಬೆಚ್ಚಗಿರ್ತದೆ. ನೀರು ಅಷ್ಟು ಕೊರೀತಿದ್ರೂ ನಂಗೆ ಬೆಳಿಗ್ಗೆ ಬೆಚ್ಚಗಿರೋದು ಅಂತ ಮುಟ್ಟಕ್ಕಿದ್ದಿದ್ದು ಅದೊಂದೇ."

ಹೊರಗೆ ಕೋಳಿಗಳು ಕಿರುಚುತ್ತವೆ, ಪ್ರಭಾ ನಗುತ್ತಾಳೆ. ಪಿಳ್ಳಮ್ಮ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಒಂದು ಆಸೆ ಇತ್ತು. ಬರ್ಕಳಂಗಿದ್ರೆ ಬರ್ಕಳಿ, ಓದೋರು ನಗ್ತಾರೆ ಅಷ್ಟೇಯ. ಅಷ್ಟು ತಲೆ ಬಾಚಿದ್ನಲ್ಲ, ಎಲ್ಲಾನೂ ಅರ್ಧರ್ಧವೇ. ಆ ಸ್ಟೂಲಿಂದ ಏಳೋಕೆ ಮುಂಚೆ ಒಂದು ತಲೆ ನೆತ್ತಿಯಿಂದ ತುದೀಗಂಟ ನಾನೇ ಬಾಚ್ಬೇಕು ಅಂತಿತ್ತು. ಯಾರ್ದಾದ್ರೂ ಸರಿ." ಸೆರಗು ಸರಿಮಾಡಿಕೊಂಡು, ಕಾಫಿ ಕಾಯಿಸುತ್ತೇನೆ ಎಂದು ಏಳುತ್ತಾರೆ.

ಪ್ರಭಾ ಒಳಗೆ ಬರುವ ಹೊತ್ತಿಗೆ ತಲೆಯೆಲ್ಲ ಕೆದರಿದೆ. ಓಡಾಟಕ್ಕೆ ಒಂದು ಟೇಪು ಬಿಚ್ಚಿಹೋಗಿದೆ, ಉಣ್ಣೆಯ ಕುಲಾವಿಯನ್ನು ಎಳೆದು ತೆಗೆದದ್ದೇ ಕೂದಲೆಲ್ಲ ಚಿಟಚಿಟ ಎನ್ನುತ್ತ ಮೇಲೆದ್ದಿದೆ. ಪಿಳ್ಳಮ್ಮ ನಕ್ಕು, ಬಾ ಪುಟ್ಟವ್ವ ಎಂದು ಹೊಸ್ತಿಲ ಮೇಲೆ ಕೂರುತ್ತಾರೆ. ಯಾರೂ ಹೇಳಿಕೊಡದೆ ಪ್ರಭಾ ಅವರಿಗೆ ಬೆನ್ನು ಮಾಡಿ ಒಂದು ಮೆಟ್ಟಿಲು ಕೆಳಗೆ ಕೂರುತ್ತಾಳೆ.

ಪಿಳ್ಳಮ್ಮ ಚೊಂಬಿನಲ್ಲಿ ಬೆರಳು ಅದ್ದುತ್ತಾರೆ. ಇಂದು ನೀರು ಬೆಚ್ಚಗಿದೆ, ಕಾಫಿಗೆಂದು ಕಾಯಿಸಿದ್ದರಲ್ಲಿ ಉಳಿದದ್ದು. ನೆತ್ತಿಯ ಮೇಲೆ ಒದ್ದೆ ಕೈ ಆಡುತ್ತದೆ, ಕೂದಲು ಒಂದೊಂದಾಗಿ ಇಳಿಯುತ್ತದೆ. ಇನ್ನೊಂದು ಟೇಪನ್ನೂ ಬಿಚ್ಚಿ ಸಿಕ್ಕು ಬಿಡಿಸುತ್ತಾರೆ. ಮಗಳು ನನ್ನ ಮುಂದೆ ಎಂದೂ ಅಷ್ಟು ಅಲುಗಾಡದೆ ಕೂತಿಲ್ಲ. ಆಮೇಲೆ ಪಿಳ್ಳಮ್ಮ, ಇಷ್ಟು ವರ್ಷ ಮಾಡಿದಂತೆಯೇ, ದಾರವಿಲ್ಲದ ಆ ಬಾಚಣಿಗೆಯನ್ನು ಪುಟ್ಟ ಹೆಗಲ ಮೇಲಿಂದ ಮುಂದಕ್ಕೆ ಚಾಚುತ್ತಾರೆ. "ಬೈತಲೆ ನೀನೇ ತಕ್ಕ ಪುಟ್ಟವ್ವ. ಬರ್ದಿದ್ರೆ ಅಮ್ಮನ ಕೈಲಿ ತೆಗುಸ್ಕೊ."

ಪ್ರಭಾ ಬಾಚಣಿಗೆ ತೆಗೆದುಕೊಳ್ಳುತ್ತಾಳೆ. ನೋಡುತ್ತಾಳೆ. ಆಮೇಲೆ ಮೆಟ್ಟಿಲ ಮೇಲೆಯೇ ಪೂರ್ತಿ ಹಿಂದಕ್ಕೆ ತಿರುಗಿ, ಪಿಳ್ಳಮ್ಮನ ಮುಖಕ್ಕೆ ಮುಖ ಕೊಟ್ಟು ಕೂರುತ್ತಾಳೆ. ಪಿಳ್ಳಮ್ಮ ನನ್ನ ಕಡೆ ನೋಡುತ್ತಾರೆ. ಈ ಸಲ ನಾನು ಮಗಳ ಕೈ ಒತ್ತುವುದಿಲ್ಲ.

ಬಾಚಣಿಗೆಯನ್ನು ಅವರ ಮಡಿಲಲ್ಲಿಟ್ಟು ಅವಳು ಕೇಳುತ್ತಾಳೆ.

"ಅಜ್ಜಿ, ನಾನು ಒಂಚೂರೂ ಅಲ್ಲಾಡಲ್ಲ. ಬೈತಲೆ ನೀವೇ ತೆಗೀತೀರಾ?"